ಹಲ್ಲಿನಿಂದ ಕೇಳುವವನು

ಹುನಗುಂದದಾಚೆಯ ಎರೆಹೊಲಗಳ ರಾಡಿಯಲ್ಲಿ
ಮೂರು ದಿನ ಫೋರ್‌ವ್ಹೀಲ್ ಹಾಕಿಕೊಂಡೇ ತಿರುಗಿದ್ದೆ
ಹಟ್ಟಿಯಿಂದ ಹಟ್ಟಿಗೆ, ಕುರಿಗಳಿಗೆ ಲಸಿಕೆ ಚುಚ್ಚುತ್ತ.
ನಾಲ್ಕನೆಯ ದಿನ ಡಾಂಬರು ಹತ್ತಿದ್ದೇ ತಡ
ಸರ್ಕಾರಿ ಜೀಪಿನ ಹೊಟ್ಟೆಯೊಳಗೆ
ಒಣಗಿದ ಜೋಳದ ದಂಟು ಮುರಿದ ಹಾಗೆ
ಲಟಕ್.
ಮತ್ತೆ ತಿರುವಿನಲ್ಲಿ, ಲಟಕ್.
ಸಣ್ಣ ಲಿವರು ಹಿಂದೆ ಬರಲೊಲ್ಲದು.
ಎರಡೂ ಕೈಲಿ ಎಳೆದೆ.
ಕಂಪೌಂಡರ್ ಶಿವಲೀಲಾ ಚಪ್ಪಲಿಗಾಲಲ್ಲಿ ಒದ್ದಳು.
ಹಟ ಹಿಡಿದ ಹೋರಿ.

ಇಳಕಲ್ ಬೈಪಾಸಿನ ಬಳಿ
ಕಲ್ಲು ಪಾಲಿಶಿನ ಹಾಲುಬಣ್ಣದ ನೀರು ಹರಿವ ಚರಂಡಿ ದಾಟಿದರೆ
ದಾವಲಸಾಬನ ಗ್ಯಾರೇಜು.
ಬೋರ್ಡಿಲ್ಲ, ಬೇವಿನ ಗಿಡಕ್ಕೆ ನೇತುಹಾಕಿದ
ಹಲ್ಲುದುರಿದ ಒಂದು ಕ್ರೌನು ಚಕ್ರ, ಅಷ್ಟೆ.
ಇಪ್ಪತ್ತೆರಡು ವರ್ಷ ಕ್ವಾರಿಯಲ್ಲಿ ಕಂಪ್ರೆಸರ್ ನೋಡಿಕೊಂಡವನು.
ಕಿವಿ ಎರಡನ್ನೂ ಆ ಕೆಂಪು ಕಲ್ಲಿನ ಗುಂಡಿಯಲ್ಲೇ
ಬಿಟ್ಟು ಬಂದವನು.

ಲಸಿಕೆಯ ಐಸ್ ಡಬ್ಬಿ ನೆರಳಿಗಿಟ್ಟೆ.

"ಯಾವಾಗ ಸಪ್ಪಳಾ? ಎಳಿಯೂ ಮುಂದನೋ, ಕಾಲು ತಗದ ಮ್ಯಾಲೋ?
ನೆಟ್ಟಗ ಹೋಗೂ ಮುಂದ ಇಲ್ಲಲ್ಲ? ಹೊಳ್ಳೂ ಮುಂದ ಅಷ್ಟ?"
ನನ್ನ ಉತ್ತರವನ್ನು ಹುಡುಗ ಮೌನೇಶ
ಕೈಸನ್ನೆಯಲ್ಲಿ ಅವನಿಗೆ ದಾಟಿಸುತ್ತಾನೆ.
ನಾನೂ ಹೀಗೇ ಅಲ್ಲವೇ ಕೇಳುವುದು:
ಮೇವು ಬಿಟ್ಟು ಎಷ್ಟು ದಿನ ಆತು? ಮೆಲುಕು ಹಾಕ್ತೈತೇನು?
ಕುರಿಯ ಬದಲು ಕುರುಬ ಹೇಳುತ್ತಾನೆ,
ಅರ್ಧ ಕುರಿಯದು, ಅರ್ಧ ಅವನದೇ ಹೆದರಿಕೆ.

ಅಡಿಯಲ್ಲಿ ಮಲಗಿ ಶಾಫ್ಟನ್ನು ಅಲ್ಲಾಡಿಸಿದ.
ಜಾಯಿಂಟು ಕ್ರಾಸಿನ ಬಟ್ಟಲಲ್ಲಿ ಕೆಂಪು ಪುಡಿ ಇಲ್ಲ.
ಹೌಸಿಂಗಿನ ಎಣ್ಣೆ ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದ,
ಕಬ್ಬಿಣದ ಮಿಂಚಿಲ್ಲ.
ನಾನು ಸ್ಟೆತಾಸ್ಕೋಪು ಚಾಚಿದೆ.
ನಕ್ಕು ಅದನ್ನು ಮೌನೇಶನ ಕೊರಳಿಗೆ ಹಾಕಿದ.

ಆಮೇಲೆ ಜೀಪಿನ ನೆಲದ ತಗಡು ಬಿಚ್ಚಿ ಅಡ್ಡ ಮಲಗಿದ.
ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಗೇರುಪೆಟ್ಟಿಗೆಯ ಮೇಲೆ,
ಹಿಡಿಕೆ, ಉಳಿದ ಏಳೆಂಟು ಹಲ್ಲುಗಳ ನಡುವೆ.
ಮೌನೇಶ ಅಂಗಳದಲ್ಲಿ ನಿಧಾನ ಸುತ್ತು ಹೊಡೆಸಿದ.
ಕಣ್ಣು ಮುಚ್ಚಿದ್ದ ದಾವಲಸಾಬ,
ದವಡೆಯಿಂದ ಬುರುಡೆಗೆ ಏನೋ ಹತ್ತಿಬರುತ್ತಿತ್ತು.
ಕೋಳಿಯೊಂದು ಅಡ್ಡ ಓಡಿದಾಗಲೂ ಬ್ರೇಕಿನ ಧಕ್ಕೆಗೆ
ಕಚ್ಚಿದ್ದನ್ನು ಬಿಡಲಿಲ್ಲ.
"ಬೇರಿಂಗು ಅಳವಲ್ದು. ಹಲ್ಲು ಮುರದಿಲ್ಲ.
ಎಲ್ಲೋ ಸಿಟ್ಟು ಕಟ್ಟೈತಿ."

ಮುಂದಿನ ಎಡಚಕ್ರಕ್ಕೆ ಜಾಕು ಕೊಟ್ಟ.
ನೆಲ ಬಿಟ್ಟಿತೋ ಇಲ್ಲವೋ
ಯಾರೂ ಮುಟ್ಟದೆ ಚಕ್ರ
ಝಗ್ಗನೆ ಕಾಲು ಸುತ್ತು ತಿರುಗಿ ನಿಂತಿತು.
ಶಿವಲೀಲಾ ಎರಡು ಹೆಜ್ಜೆ ಹಿಂದೆ.

ಮಗ್ಗದ ಮನೆಯ ಹುಡುಗ ಮೌನೇಶ,
ಜೇಬಿನಿಂದ ಕೆಂಪು ನೂಲು ತೆಗೆದು
ಹಿಂದಿನ ಟೈರಿಗೆ ಸುತ್ತಿ ಗಂಟು ಹಾಕಿದ.
ಅದೇ ನೂಲು ಮುಂದಿನ ಟೈರಿಗೆ ಸುತ್ತಿದರೆ
ನಾಲ್ಕು ಬೆರಳು ಉಳಿಯಿತು.

"ಹಿಂದಿನವು ಹೊಸಾವು, ದೊಡ್ಡವು, ನಿಧಾನ.
ಮುಂದಿನವು ಸವದಾವು, ಅವಸರ.
ಎರಡಕ್ಕೂ ಒಂದ ಕಣ್ಣಿ ಕಟ್ಟಿ ಡಾಂಬರಿಗೆ ಬಿಟ್ಟೀರಿ.
ರಾಡ್ಯಾಗ ಜಾರಿ ಜಾರಿ ಹೊಂದಿಕೊಂಡಿದ್ದವು,
ಇಲ್ಲಿ ಜಾರಾಕ ಜಾಗಾ ಎಲ್ಲೈತ್ರಿ?"

ಎರಡೇ ಟೈರು ಮಂಜೂರಾಗಿದ್ದ ಆದೇಶ
ನನ್ನ ಚೀಲದಲ್ಲೇ ಇತ್ತು, ಸಹಿ ಸಮೇತ.

ಈಗ ಲಿವರು ಒಂದೇ ಬೆರಳಿಗೆ ಬಂತು.
ಮತ್ತೆ ಸಿಕ್ಕಿಕೊಂಡರೆ ಸ್ಟೇರಿಂಗು ನೆಟ್ಟಗಿಟ್ಟು
ಹತ್ತು ಹೆಜ್ಜೆ ಹಿಂದಕ್ಕೆ ಹೋಗಿರಿ ಅಂದ,
ಚಾದ ರೊಕ್ಕ ಮಾತ್ರ ತೆಗೆದುಕೊಂಡ.

ಹೊರಡುವ ಮುನ್ನ, ಯಾರೂ ನೋಡದಾಗ,
ಸ್ಕ್ರೂಡ್ರೈವರನ್ನು ನಾನೂ ಕಚ್ಚಿ
ಓಡುವ ಎಂಜಿನ್ನಿಗೆ ಆನಿಸಿದೆ.
ಗ್ರೀಸು, ಉಪ್ಪು, ಅವನ ಬೀಡಿಯ ಘಾಟು.
ತಲೆಯೊಳಗೆ ಒಂದು ಇಡೀ ಸೋಮವಾರದ ಸಂತೆ
ಒಮ್ಮೆಲೇ ಬಾಯಿ ತೆರೆಯಿತು,
ಯಾರು ಏನು ಮಾರುತ್ತಿದ್ದಾರೋ
ಒಂದೂ ತಿಳಿಯಲಿಲ್ಲ.

ಐಸು ಕರಗುತ್ತಿತ್ತು.
ಇನ್ನೂ ಅರವತ್ತು ಕುರಿ ಬಾಕಿ.